ಟೈಪ್ ಮಾಡಿದ್ದನ್ನೇ ಮತ್ತೆ ಟೈಪ್ ಮಾಡುವವರಿಗೆ
ಸಿ, ಸಿ++ ಪ್ರೋಗ್ರಾಮರ್‌ಗಳಿಗೆ ಒಂದು ಬಹಿರಂಗ ಪತ್ರ

ಡೀಬಗ್ಗರ್ ಮುಂದೆ ಕೂರುವ ಕನ್ನಡದ ಪ್ರೋಗ್ರಾಮರ್ ಮಿತ್ರರೇ,

ಕರ್ನೆಲ್, ಡ್ರೈವರ್, ಡೇಟಾಬೇಸ್, ರೂಟರ್, ಕಾರಿನೊಳಗಿನ ಕಂಟ್ರೋಲರ್, ಕೆಲಸ ಯಾವುದೇ ಇರಲಿ, ಸಿ ಅಥವಾ ಸಿ++ ಬರೆಯುವವರ ದಿನಚರಿಯಲ್ಲಿ ಡೀಬಗ್ಗರ್ ಇದ್ದೇ ಇರುತ್ತದೆ. ಬ್ರೇಕ್‌ಪಾಯಿಂಟ್ ಹಾಕುವುದು, ಪ್ರೋಗ್ರಾಮ್ ನಿಂತ ಕೂಡಲೇ ಬ್ಯಾಕ್‌ಟ್ರೇಸ್ ನೋಡುವುದು, ಒಂದು ಪಾಯಿಂಟರ್ ಹಿಡಿದು ಅದರ ಮುಂದಿನದು, ಅದಕ್ಕೂ ಮುಂದಿನದು ಎಂದು ಪ್ರಿಂಟ್ ಮಾಡುತ್ತ ಹೋಗುವುದು. ಸಂಜೆಯ ಹೊತ್ತಿಗೆ ಬಗ್ ಸಿಕ್ಕಿ ಒಂದು ಸಾಲಿನ ತಿದ್ದುಪಡಿ ಗಿಟ್‌ಗೆ ಸೇರುತ್ತದೆ. ಆ ಒಂದು ಸಾಲನ್ನು ಹುಡುಕಲು ಕೊಟ್ಟ ಕಮಾಂಡ್‌ಗಳೆಲ್ಲ ಸೆಷನ್ ಮುಚ್ಚಿದ ಕೂಡಲೇ ಮರೆಯಾಗುತ್ತವೆ. ಕೆಲವು ತಿಂಗಳ ನಂತರ ಅದೇ ಮಾಡ್ಯೂಲ್ ಮತ್ತೆ ಕೈಕೊಟ್ಟಾಗ ಪಕ್ಕದ ಸೀಟಿನವರು ಅದೇ ಪಾಯಿಂಟರ್‌ನ ಬೆನ್ನು ಹತ್ತಿ ಮೊದಲಿನಿಂದ ಹೊರಡುತ್ತಾರೆ.

ಈ ಪತ್ರದ ಕೋರಿಕೆ ಒಂದೇ. ಆ ಕಮಾಂಡ್‌ಗಳನ್ನು ಫೈಲಿನಲ್ಲಿ ಬರೆಯಿರಿ, ಡೀಬಗ್ಗರ್ ಒಳಗಿನಿಂದಲೇ ಓಡಿಸಿ, ಆ ಫೈಲನ್ನು ನಿಮ್ಮ ಕೋಡ್ ಇರುವ ರೆಪಾಸಿಟರಿಯಲ್ಲೇ ಇಡಿ.

ಇದೇನೂ ಹೊಸ ವಿದ್ಯೆಯಲ್ಲ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಗ್ನೂ ಯೋಜನೆಗಾಗಿ ಬರೆದ ಜಿಡಿಬಿಯಲ್ಲಿ ‘ಸೋರ್ಸ್’ ಎಂಬ ಕಮಾಂಡ್ ಇದೆ. ಅದರ ಮುಂದೆ ಫೈಲಿನ ಹೆಸರು ಕೊಟ್ಟರೆ ಒಳಗಿರುವ ಕಮಾಂಡ್‌ಗಳು ಕೈಯಾರೆ ಟೈಪ್ ಮಾಡಿದಂತೆಯೇ ಒಂದರ ಹಿಂದೊಂದು ನಡೆಯುತ್ತವೆ. ‘ಡಿಫೈನ್’ ಬಳಸಿ ಸ್ವಂತ ಕಮಾಂಡ್ ಕಟ್ಟಬಹುದು, ‘ಡಾಕ್ಯುಮೆಂಟ್’ ಬಳಸಿ ಅದಕ್ಕೊಂದು ಹೆಲ್ಪ್ ಬರೆಯಬಹುದು. ಇಫ್ ಇದೆ, ವೈಲ್ ಇದೆ, ಡಾಲರ್ ಚಿಹ್ನೆ ಹೊತ್ತ ವೇರಿಯಬಲ್‌ಗಳಿವೆ. ಬ್ರೇಕ್‌ಪಾಯಿಂಟ್ ಒಂದಕ್ಕೆ ‘ಸೈಲೆಂಟ್’ ಎಂದು ಶುರುವಾಗಿ ‘ಕಂಟಿನ್ಯೂ’ ಎಂದು ಮುಗಿಯುವ ಕೆಲವು ಸಾಲು ಅಂಟಿಸಿ, ನಡುವೆ ಒಂದು ಪ್ರಿಂಟ್‌ಎಫ್ ಇಟ್ಟರೆ, ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡದೆಯೇ ಲಾಗ್ ಬರತೊಡಗುತ್ತದೆ. ಅರ್ಧ ಗಂಟೆ ಬಿಲ್ಡ್ ಆಗುವ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಆ ಪುಟ್ಟ ಭಾಷೆಗೆ ಲಿಸ್ಟ್ ಗೊತ್ತಿಲ್ಲ, ಡಿಕ್ಷನರಿ ಗೊತ್ತಿಲ್ಲ. ಒಂದು ಕಮಾಂಡ್ ಕೊಟ್ಟ ಉತ್ತರವನ್ನು ವೇರಿಯಬಲ್‌ನಲ್ಲಿ ಹಿಡಿದಿಟ್ಟು ಬಳಸುವುದೂ ಅದರ ಕೈಯಲ್ಲಾಗದು. ಡೀಬಗ್ಗರ್‌ಗೆ ಪೂರ್ಣ ಪ್ರಮಾಣದ ಭಾಷೆಯೇ ಬೇಕು ಎಂಬುದನ್ನು ಬೆಲ್ ಲ್ಯಾಬ್ಸ್‌ನ ಫಿಲ್ ವಿಂಟರ್‌ಬಾಟಮ್ 1994ರಲ್ಲೇ ಮಾಡಿ ತೋರಿಸಿದ್ದರು. ಪ್ಲಾನ್ 9 ಆಪರೇಟಿಂಗ್ ಸಿಸ್ಟಮ್‌ಗಾಗಿ ಅವರು ಕಟ್ಟಿದ ಆ್ಯಸಿಡ್ ಎಂಬ ಡೀಬಗ್ಗರ್ ಅಸಲಿಗೆ ಒಂದು ಪ್ರೋಗ್ರಾಮಿಂಗ್ ಭಾಷೆ. ಸ್ಟ್ಯಾಕ್ ತೋರಿಸುವಂಥ ನಿತ್ಯದ ಕೆಲಸಗಳೂ ಅದೇ ಭಾಷೆಯಲ್ಲಿ ಬರೆದ ಫಂಕ್ಷನ್‌ಗಳು. ಮೆಮೊರಿ ಲೀಕ್ ಹುಡುಕುವ, ಟೆಸ್ಟ್‌ಗಳು ಕೋಡ್‌ನ ಯಾವ ಭಾಗವನ್ನು ಮುಟ್ಟಿವೆ ಎಂದು ನೋಡುವ ಪ್ರೋಗ್ರಾಮ್‌ಗಳನ್ನೂ ಆ್ಯಸಿಡ್‌ನಲ್ಲೇ ಬರೆಯಲಾಗಿತ್ತು.

ಜಿಡಿಬಿಗೆ ಆ ಬಲ ಬಂದದ್ದು 2009ರ ಅಕ್ಟೋಬರ್‌ನಲ್ಲಿ, 7.0 ಆವೃತ್ತಿಯೊಂದಿಗೆ. ಅಂದಿನಿಂದ ಜಿಡಿಬಿ ಪ್ರೊಸೆಸ್‌ನ ಒಳಗೇ ಒಂದು ಪೈಥಾನ್ ಇಂಟರ್‌ಪ್ರಿಟರ್ ಇದೆ. ಅದೇ ಹಳೆಯ ‘ಸೋರ್ಸ್’ ಕಮಾಂಡ್‌ಗೆ ‘.ಪಿವೈ’ ಎಂದು ಕೊನೆಯಾಗುವ ಫೈಲ್ ಕೊಟ್ಟರೆ ಅದು ಪೈಥಾನ್ ಎಂದು ಗುರುತಿಸಿ ಓಡಿಸುತ್ತದೆ. 2014ರ 7.8 ಆವೃತ್ತಿಯಲ್ಲಿ ಗೈಲ್ ಭಾಷೆಯೂ ಸೇರಿತು.

ಹೊಸಬರು ಇಲ್ಲಿ ಎರಡು ಕಡೆ ಎಡವುತ್ತಾರೆ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ‘ಜಿಡಿಬಿ’ ಎಂಬ ಮಾಡ್ಯೂಲನ್ನು ಇಂಪೋರ್ಟ್ ಮಾಡಿ, ಅದನ್ನು ಶೆಲ್‌ನಿಂದ ಮಾಮೂಲಿ ಪೈಥಾನ್‌ಗೆ ಕೊಟ್ಟರೆ ಅಂಥ ಮಾಡ್ಯೂಲೇ ಇಲ್ಲ ಎಂಬ ಎರರ್ ಬರುತ್ತದೆ. ಆ ಮಾಡ್ಯೂಲ್ ಮಾಮೂಲಿ ಪೈಥಾನ್ ಲೈಬ್ರರಿಯಲ್ಲ, ಓಡುತ್ತಿರುವ ಡೀಬಗ್ಗರ್ ಒದಗಿಸುವಂಥದ್ದು. ಇನ್ನೊಂದು ಇದರ ತಿರುವುಮುರುವು: ಪಿಪ್ ಬಳಸಿ ವರ್ಚುವಲ್ ಎನ್‌ವಿರಾನ್‌ಮೆಂಟ್‌ನಲ್ಲಿ ಹಾಕಿಕೊಂಡ ಪ್ಯಾಕೇಜ್ ಜಿಡಿಬಿ ಒಳಗೆ ಕಾಣುವುದಿಲ್ಲ. ಜಿಡಿಬಿ ಯಾವ ಪೈಥಾನ್ ಜೊತೆ ಬಿಲ್ಡ್ ಆಗಿದೆಯೋ ಆ ಪೈಥಾನ್‌ನ ಜಾಗಗಳಲ್ಲಿ ಮಾತ್ರ ಅದು ಹುಡುಕುತ್ತದೆ. ಚಿಪ್ ಕಂಪನಿಗಳು ಬೋರ್ಡ್ ಜೊತೆ ಕೊಡುವ ಟೂಲ್‌ಚೈನ್‌ನ ಜಿಡಿಬಿ ಪೈಥಾನ್ ಇಲ್ಲದೆಯೇ ಬಿಲ್ಡ್ ಆಗಿರುವುದೂ ಉಂಟು. ಹಾಗಾಗಿ ಸ್ಕ್ರಿಪ್ಟ್ ಬರೆಯಲು ಕೂರುವ ಮೊದಲು ‘ಪೈಥಾನ್ ಪ್ರಿಂಟ್(1)’ ಎಂದು ಕೇಳಿ ನೋಡುವುದು ಒಳ್ಳೆಯದು.

ಈಗ ಒಂದು ಉದಾಹರಣೆ. ನೆಟ್‌ವರ್ಕ್ ಪ್ಯಾಕೆಟ್‌ಗಳ ಲಿಂಕ್ಡ್ ಲಿಸ್ಟ್ ಒಂದರಲ್ಲಿ ಸಾವಿರಾರು ನೋಡ್‌ಗಳಿವೆ, ಅವುಗಳಲ್ಲಿ ಯಾವುದೋ ಒಂದರ ಉದ್ದ ಅದಕ್ಕೆ ಮೀಸಲಾದ ಬಫರ್‌ಗಿಂತ ದೊಡ್ಡದಾಗಿದೆ ಎಂದಿಟ್ಟುಕೊಳ್ಳಿ. ಕೈಯಲ್ಲಿ ಹುಡುಕುವವರು ‘ನೆಕ್ಸ್ಟ್, ನೆಕ್ಸ್ಟ್’ ಎಂದು ಬಾಣದ ಗುರುತು ಟೈಪ್ ಮಾಡುತ್ತ ಹತ್ತನೆಯ ನೋಡ್‌ಗೆ ಬರುವಷ್ಟರಲ್ಲಿ ಸುಸ್ತಾಗುತ್ತಾರೆ. ಪೈಥಾನ್‌ನಲ್ಲಿ ಇದು ಹದಿನೈದು ಸಾಲಿನ ಕೆಲಸ. ‘ಪಾರ್ಸ್ ಆ್ಯಂಡ್ ಇವಾಲ್’ ಎಂಬ ಫಂಕ್ಷನ್‌ಗೆ ಲಿಸ್ಟ್‌ನ ತಲೆಯ ಹೆಸರು ಕೊಟ್ಟರೆ ಒಂದು ವ್ಯಾಲ್ಯೂ ಆಬ್ಜೆಕ್ಟ್ ಬರುತ್ತದೆ. ಚೌಕಾವರಣದಲ್ಲಿ ಫೀಲ್ಡ್‌ನ ಹೆಸರು ಬರೆದರೆ ಅದರ ಬೆಲೆ ಕೈಗೆ ಸಿಗುತ್ತದೆ. ಸೊನ್ನೆ ಪಾಯಿಂಟರ್ ಸಿಗುವವರೆಗೆ ಲೂಪ್ ಓಡಿಸಿ, ಉದ್ದ ಬಫರನ್ನು ಮೀರಿದ ನೋಡ್‌ಗಳನ್ನಷ್ಟೇ ಪ್ರಿಂಟ್ ಮಾಡಿ.

ಎರಡು ಎಚ್ಚರಿಕೆ ಮಾತ್ರ ಬೇಕು. ಮೆಮೊರಿ ಕೆಟ್ಟಿರುವ ಪ್ರೋಗ್ರಾಮ್‌ನಲ್ಲಿ ಲಿಸ್ಟ್ ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿರಬಹುದು, ಆಗ ಲೂಪ್ ನಿಲ್ಲುವುದೇ ಇಲ್ಲ. ಆದ್ದರಿಂದ ನೋಡಿದ ವಿಳಾಸಗಳನ್ನು ಒಂದು ಸೆಟ್‌ನಲ್ಲಿ ಹಾಕಿಕೊಳ್ಳುತ್ತ ಹೋಗಿ, ಅದೇ ವಿಳಾಸ ಮತ್ತೆ ಎದುರಾದರೆ ಅಲ್ಲೇ ನಿಲ್ಲಿಸಿ. ಸುತ್ತು ಎಲ್ಲಿ ಬಿದ್ದಿದೆ ಎಂಬ ಸುಳಿವೂ ಸಿಕ್ಕಿತು. ಎರಡನೆಯದಾಗಿ, ಯಾವುದಾದರೂ ಪಾಯಿಂಟರ್ ಅಡ್ಡಾದಿಡ್ಡಿ ಜಾಗವನ್ನು ತೋರಿಸುತ್ತಿದ್ದರೆ ಜಿಡಿಬಿ ಮೆಮೊರಿ ಎರರ್ ಎಸೆಯುತ್ತದೆ. ಅದನ್ನು ಹಿಡಿದು ‘ಇಲ್ಲಿಯವರೆಗೆ ಸರಿ ಇತ್ತು, ಈ ನೋಡ್ ನಂತರ ಕೆಟ್ಟಿದೆ’ ಎಂದು ಹೇಳಿಸಿ. ಈ ಫೈಲನ್ನೊಮ್ಮೆ ಬರೆದು ‘ಚೆಕ್-ಪ್ಯಾಕೆಟ್ಸ್’ ಎಂಬ ಕಮಾಂಡ್ ಮಾಡಿಟ್ಟರೆ, ತಂಡಕ್ಕೆ ನಿನ್ನೆ ಸೇರಿದ ಹುಡುಗಿಯೂ ಅದನ್ನು ಓಡಿಸಬಲ್ಲಳು.

ಜಿಡಿಬಿಯಲ್ಲಿ ಯಾವುದೇ ಕಮಾಂಡ್‌ನ ಉತ್ತರವನ್ನು ಸ್ಟ್ರಿಂಗ್ ಆಗಿ ಪಡೆಯುವ ಸೌಲಭ್ಯವೂ ಇದೆ. ಅದು ಸುಲಭವಾದ್ದರಿಂದ ಅನೇಕರು ಬ್ಯಾಕ್‌ಟ್ರೇಸ್ ಅನ್ನು ಪಠ್ಯವಾಗಿ ತರಿಸಿ, ರೆಗ್ಯುಲರ್ ಎಕ್ಸ್‌ಪ್ರೆಶನ್ ಹಚ್ಚಿ ಫಂಕ್ಷನ್‌ಗಳ ಹೆಸರು ಹೆಕ್ಕಲು ಹೊರಡುತ್ತಾರೆ. ಮುಂದಿನ ಆವೃತ್ತಿಯಲ್ಲಿ ಉತ್ತರದ ರೂಪ ಚೂರು ಬದಲಾದರೂ ಆ ಸ್ಕ್ರಿಪ್ಟ್ ಸತ್ತಂತೆ. ಫ್ರೇಮ್, ಸಿಂಬಲ್, ಟೈಪ್ ಎಲ್ಲಕ್ಕೂ ಆಬ್ಜೆಕ್ಟ್‌ಗಳಿರುವಾಗ ಅವುಗಳನ್ನೇ ಕೇಳುವುದು ಲೇಸು.

ದೊಡ್ಡ ಪ್ರಾಜೆಕ್ಟ್‌ಗಳು ಈ ದಾರಿಯನ್ನು ಎಂದೋ ಹಿಡಿದಿವೆ. ನೀವು ದಿನವೂ ಬಳಸುತ್ತಿದ್ದರೂ ಗಮನಿಸದೇ ಇರುವ ಉದಾಹರಣೆ ಜಿಸಿಸಿಯ ಸಿ++ ಲೈಬ್ರರಿ. ಒಂದು ಮ್ಯಾಪನ್ನು ಪ್ರಿಂಟ್ ಮಾಡಿದಾಗ ಅದರ ಕೀ, ವ್ಯಾಲ್ಯೂಗಳು ಓದುವಂತೆ ಕಾಣುವುದು ಜಿಡಿಬಿಯ ಸ್ವಂತ ಜಾಣತನದಿಂದಲ್ಲ. ಲೈಬ್ರರಿಯ ಜೊತೆಗೇ ಇನ್‌ಸ್ಟಾಲ್ ಆಗುವ ಪೈಥಾನ್ ಸ್ಕ್ರಿಪ್ಟ್ ಒಂದನ್ನು ಜಿಡಿಬಿ ತಾನಾಗಿಯೇ ಲೋಡ್ ಮಾಡಿಕೊಳ್ಳುತ್ತದೆ. ಅದಿಲ್ಲದಿದ್ದರೆ ಅದೇ ಮ್ಯಾಪ್ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಒಳಹೆಸರುಗಳ ಕಾಡಾಗಿ ಪರದೆ ತುಂಬುತ್ತದೆ. ಇಂಥ ಪ್ರಿಟಿ ಪ್ರಿಂಟರ್ ಎಂದರೆ ಒಂದು ಪೈಥಾನ್ ಕ್ಲಾಸ್ ಅಷ್ಟೇ: ಒಂದು ಮೆಥಡ್ ಸಾರಾಂಶದ ಸಾಲನ್ನು ಕೊಡುತ್ತದೆ, ಇನ್ನೊಂದು ಒಳಗಿನ ಸದಸ್ಯರನ್ನು ಒಂದೊಂದಾಗಿ ಕೊಡುತ್ತದೆ. ನಿಮ್ಮ ಪ್ರಾಜೆಕ್ಟ್‌ನ ಟೈಮ್‌ಸ್ಟ್ಯಾಂಪ್, ಐಪಿ ವಿಳಾಸ, ಸ್ಥಿರ ದಶಮಾಂಶದ ಸಂಖ್ಯೆ ಇವುಗಳಿಗೂ ಹೀಗೆ ಬರೆಯಲು ಒಂದು ಮಧ್ಯಾಹ್ನ ಸಾಕು.

ಪೈಥಾನ್ ಭಾಷೆಯ ಸಿ ಸೋರ್ಸ್‌ನಲ್ಲಿ ‘ಟೂಲ್ಸ್’ ಡೈರೆಕ್ಟರಿಯೊಳಗೆ ಜಿಡಿಬಿಗೆಂದೇ ಒಂದು ಸ್ಕ್ರಿಪ್ಟ್ ಇದೆ. ಪೈಥಾನ್ ಪ್ರೋಗ್ರಾಮ್ ಹ್ಯಾಂಗ್ ಆದಾಗ ಸಾಮಾನ್ಯ ಬ್ಯಾಕ್‌ಟ್ರೇಸ್ ಇಂಟರ್‌ಪ್ರಿಟರ್‌ನ ಸಿ ಫಂಕ್ಷನ್‌ಗಳನ್ನಷ್ಟೇ ತೋರಿಸುತ್ತದೆ, ಅದರಿಂದ ಪ್ರೋಗ್ರಾಮ್ ಬರೆದವರಿಗೆ ಏನೂ ತಿಳಿಯದು. ಈ ಸ್ಕ್ರಿಪ್ಟ್ ಲೋಡ್ ಮಾಡಿ ‘ಪಿವೈ-ಬಿಟಿ’ ಎಂದರೆ ಪೈಥಾನ್ ಮಟ್ಟದ ಸ್ಟ್ಯಾಕ್ ಬರುತ್ತದೆ. ಯಾವ ಫೈಲ್, ಯಾವ ಸಾಲು ಎಂಬುದೆಲ್ಲ ಗೊತ್ತಾಗುತ್ತದೆ. ‘ಪಿವೈ-ಲೋಕಲ್ಸ್’ ಎಂದರೆ ಆ ಫಂಕ್ಷನ್‌ನ ವೇರಿಯಬಲ್‌ಗಳು ಕಾಣುತ್ತವೆ. ಸಿ ಪ್ರೋಗ್ರಾಮ್ ಆಗಿರುವ ಪೈಥಾನ್ ಇಂಟರ್‌ಪ್ರಿಟರನ್ನು ಜಿಡಿಬಿ ಒಳಗಿನ ಮತ್ತೊಂದು ಪೈಥಾನ್ ಪರೀಕ್ಷಿಸುತ್ತಿರುತ್ತದೆ! ಗೋ ಭಾಷೆಯ ರನ್‌ಟೈಮ್ ಜೊತೆಗೂ ಇಂಥದ್ದೇ ಫೈಲ್ ಬರುತ್ತದೆ, ಅದು ಜಿಡಿಬಿಗೆ ಗೋರುಟೀನ್‌ಗಳನ್ನು ಪಟ್ಟಿ ಮಾಡಲು ಕಲಿಸುತ್ತದೆ.

ಲಿನಕ್ಸ್ ಕರ್ನೆಲ್‌ನ ಕಥೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಸೀಮೆನ್ಸ್‌ನ ಯಾನ್ ಕಿಸ್ಕಾ ಬರೆದ ಜಿಡಿಬಿ ಸ್ಕ್ರಿಪ್ಟ್‌ಗಳು 2015ರಲ್ಲಿ, 4.0 ಆವೃತ್ತಿಯಲ್ಲಿ ಕರ್ನೆಲ್ ಸೋರ್ಸ್‌ಗೇ ಸೇರಿದವು. ವರ್ಚುವಲ್ ಮಷೀನ್‌ನಲ್ಲಿ ಓಡುವ ಕರ್ನೆಲ್‌ಗೆ ಜಿಡಿಬಿ ಜೋಡಿಸಿ ‘ಎಲ್‌ಎಕ್ಸ್-ಡಿಮೆಸೇಜ್’ ಎಂದರೆ ಕರ್ನೆಲ್‌ನ ಲಾಗ್ ಬರುತ್ತದೆ. ಕರ್ನೆಲ್ ಪೂರ್ತಿ ಹೆಪ್ಪುಗಟ್ಟಿ ಒಂದಕ್ಷರವನ್ನೂ ಹೊರಹಾಕಲಾರದ ಸ್ಥಿತಿಯಲ್ಲಿದ್ದರೂ ಸ್ಕ್ರಿಪ್ಟ್ ನೇರವಾಗಿ ಮೆಮೊರಿಯಿಂದ ಓದಿಕೊಳ್ಳುತ್ತದೆ. ‘ಎಲ್‌ಎಕ್ಸ್-ಪಿಎಸ್’ ಪ್ರೊಸೆಸ್‌ಗಳ ಪಟ್ಟಿ ಕೊಡುತ್ತದೆ. ‘ಎಲ್‌ಎಕ್ಸ್-ಸಿಂಬಲ್ಸ್’ ಇನ್ನೂ ಚುರುಕು: ಈಗಾಗಲೇ ಲೋಡ್ ಆಗಿರುವ ಮಾಡ್ಯೂಲ್‌ಗಳ ಸಿಂಬಲ್ ತರುವುದಲ್ಲದೆ, ಮಾಡ್ಯೂಲ್ ಲೋಡ್ ಆಗುವ ಜಾಗದಲ್ಲಿ ತಾನೇ ಒಂದು ಬ್ರೇಕ್‌ಪಾಯಿಂಟ್ ಇಟ್ಟು ಹೊಸದು ಬಂದಾಗಲೆಲ್ಲ ನೋಡಿಕೊಳ್ಳುತ್ತದೆ.

2020ರಲ್ಲಿ ಬಂದ 5.10 ಆವೃತ್ತಿಯಲ್ಲಿ ಕರ್ನೆಲ್‌ನ ಲಾಗ್ ಬಫರ್ ಪೂರ್ತಿ ಬದಲಾಯಿತು. ಹಳೆಯ ರಚನೆ ಹೋಗಿ ಲಾಕ್ ಬೇಡದ ಹೊಸ ರಿಂಗ್ ಬಫರ್ ಬಂತು. ಹಳೆಯ ಫೀಲ್ಡ್‌ಗಳನ್ನೇ ನಂಬಿದ್ದ ಲಾಗ್ ಸ್ಕ್ರಿಪ್ಟ್ ಕುರುಡಾಗಬೇಕಿತ್ತು. ಆದರೆ ಬಫರ್ ಬದಲಾದ ಆವೃತ್ತಿಯಲ್ಲೇ ಸ್ಕ್ರಿಪ್ಟನ್ನೂ ಹೊಸ ರಚನೆಗೆ ತಕ್ಕಂತೆ ತಿದ್ದಿ ಬರೆಯಲಾಯಿತು. ಸ್ಕ್ರಿಪ್ಟ್ ಅದೇ ರೆಪಾಸಿಟರಿಯಲ್ಲಿ ಇದ್ದುದರಿಂದ ಇದು ಸಲೀಸಾಯಿತು. ಯಾರದೋ ಲ್ಯಾಪ್‌ಟಾಪ್‌ನ ಹೋಮ್ ಡೈರೆಕ್ಟರಿಯಲ್ಲಿ ಇದ್ದಿದ್ದರೆ ಅದು ಕೆಟ್ಟ ಸಂಗತಿ ತಿಳಿಯುತ್ತಿದ್ದುದು ಮುಂದಿನ ಕ್ರ್ಯಾಶ್ ಹೊತ್ತಿಗೆ. ಪೈಥಾನ್ ಕೂಡ 2022ರ 3.11 ಆವೃತ್ತಿಯಲ್ಲಿ ಫಂಕ್ಷನ್ ಫ್ರೇಮ್‌ಗಳ ಒಳರಚನೆ ಬದಲಿಸಿದಾಗ ತನ್ನ ಜಿಡಿಬಿ ಸ್ಕ್ರಿಪ್ಟನ್ನು ತಿದ್ದಬೇಕಾಯಿತು. ಅಲ್ಲಿ ಇನ್ನೊಂದು ಮೇಲ್ಪಂಕ್ತಿಯಿದೆ. ಆ ಸ್ಕ್ರಿಪ್ಟ್‌ಗೆ ಪೈಥಾನ್‌ನ ಟೆಸ್ಟ್ ಸೂಟ್‌ನಲ್ಲೇ ಟೆಸ್ಟ್‌ಗಳಿವೆ. ಅವು ನಿಜವಾದ ಜಿಡಿಬಿ ಓಡಿಸಿ ‘ಪಿವೈ-ಬಿಟಿ’ ಸರಿಯಾದ ಸಾಲು ತೋರಿಸುತ್ತದೆಯೇ ಎಂದು ನೋಡುತ್ತವೆ.

ಆ್ಯಪಲ್ ಪಾಳಯದವರೂ ಕ್ಲ್ಯಾಂಗ್ ಬಳಸುವವರೂ ಎಲ್‌ಎಲ್‌ಡಿಬಿಯಲ್ಲಿ ‘ಕಮಾಂಡ್ ಸ್ಕ್ರಿಪ್ಟ್ ಇಂಪೋರ್ಟ್’ ಎಂದು ಇದೇ ಕೆಲಸ ಮಾಡಬಹುದು. ಫೈಲಿನಲ್ಲಿ ನಿಗದಿತ ಹೆಸರಿನ ಆರಂಭಿಕ ಫಂಕ್ಷನ್ ಇದ್ದರೆ ಎಲ್‌ಎಲ್‌ಡಿಬಿ ಅದನ್ನು ಕರೆಯುತ್ತದೆ, ಹೊಸ ಕಮಾಂಡ್‌ಗಳನ್ನು ಅಲ್ಲಿ ನೋಂದಾಯಿಸಿದರಾಯಿತು. ಫೇಸ್‌ಬುಕ್ ಬಿಡುಗಡೆ ಮಾಡಿದ ಚಿಸೆಲ್ ಇಂಥ ಫೈಲ್‌ಗಳ ಒಂದು ಕಂತೆ. ಐಫೋನ್ ಆ್ಯಪ್ ನಿಲ್ಲಿಸಿ ಪರದೆಯ ಮೇಲಿನ ವ್ಯೂಗಳ ವಂಶವೃಕ್ಷ ನೋಡಲು, ಬೇಕಾದ ವ್ಯೂ ಸುತ್ತ ಗೆರೆ ಎಳೆದು ಅದು ಎಲ್ಲಿದೆ ಎಂದು ಗುರುತಿಸಲು ಅದರಲ್ಲಿ ಕಮಾಂಡ್‌ಗಳಿವೆ. ಜಿಡಿಬಿಯಲ್ಲಿ ಇಲ್ಲದ ಒಂದು ಅನುಕೂಲ ಇಲ್ಲಿದೆ: ಎಲ್‌ಎಲ್‌ಡಿಬಿಯನ್ನು ಹೊರಗಿನ ಪೈಥಾನ್ ಪ್ರೋಗ್ರಾಮ್‌ನಿಂದ ಲೈಬ್ರರಿಯಂತೆ ಇಂಪೋರ್ಟ್ ಮಾಡಿಯೂ ನಡೆಸಬಹುದು.

ವಿಂಡೋಸ್‌ನವರಿಗೆ ವಿನ್‌ಡಿಬಿಜಿ ಇದೆ. ಅದರ ಹಳೆಯ ಸ್ಕ್ರಿಪ್ಟ್ ಕಮಾಂಡ್‌ಗಳು $<, $><, $$<, $$>< ಎಂದು ನೋಡಲು ಬೈಗುಳದಂತಿವೆ. ಆದರೂ ಲೆಕ್ಕ ಸರಳ. ಬಲಮುಖದ ಬಾಣವಿದ್ದರೆ ಫೈಲಿನ ಎಲ್ಲ ಸಾಲುಗಳೂ ಒಂದೇ ಕಮಾಂಡ್ ಬ್ಲಾಕ್ ಆಗಿ ಕೂಡುತ್ತವೆ, ಇಲ್ಲದಿದ್ದರೆ ಸಾಲು ಸಾಲಾಗಿ ನಡೆಯುತ್ತವೆ. ಎರಡು ಡಾಲರ್ ಇದ್ದರೆ ಅದರ ನಂತರ ಸೆಮಿಕೋಲನ್ ಹಾಕಿ ಬೇರೆ ಕಮಾಂಡ್ ಬರೆಯಬಹುದು. ಅನೇಕ ಸಾಲುಗಳಿಗೆ ಹರಡಿದ ಬ್ಲಾಕ್ ಇರುವ ಸ್ಕ್ರಿಪ್ಟ್ ಅರ್ಧದಲ್ಲೇ ಸಿಂಟ್ಯಾಕ್ಸ್ ಎರರ್ ಕೊಟ್ಟರೆ, ತಪ್ಪು ಬಾಣದಿಂದ ಓಡಿಸಿರುವ ಸಾಧ್ಯತೆಯೇ ಹೆಚ್ಚು. ಈಚಿನ ವಿನ್‌ಡಿಬಿಜಿಗೆ ಜಾವಾಸ್ಕ್ರಿಪ್ಟ್ ಬರುತ್ತದೆ. ‘.ಸ್ಕ್ರಿಪ್ಟ್‌ಲೋಡ್’ ಫೈಲನ್ನು ತಂದು ಸಿದ್ಧಗೊಳಿಸಿ ಬಿಡುತ್ತದೆ, ‘.ಸ್ಕ್ರಿಪ್ಟ್‌ರನ್’ ಅದರ ಮೇಲೆ ಮುಖ್ಯ ಫಂಕ್ಷನನ್ನೂ ನಡೆಸುತ್ತದೆ. ಇಲ್ಲೊಂದು ಗುಂಡಿಯಿದೆ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ 53 ಬಿಟ್‌ವರೆಗಿನ ಪೂರ್ಣಾಂಕವನ್ನು ಮಾತ್ರ ನಿಖರವಾಗಿ ಹಿಡಿದಿಡುತ್ತದೆ, 64 ಬಿಟ್‌ನ ಕರ್ನೆಲ್ ವಿಳಾಸ ಅದರಲ್ಲಿ ಹಿಡಿಸದು. ಅದಕ್ಕಾಗಿಯೇ ಡೀಬಗ್ಗರ್ ಪ್ರತ್ಯೇಕ 64 ಬಿಟ್ ಸಂಖ್ಯೆಯ ಟೈಪ್ ಕೊಟ್ಟಿದೆ. ವಿಳಾಸಗಳ ಲೆಕ್ಕವೆಲ್ಲ ಅದರಲ್ಲೇ ನಡೆಯಬೇಕು.

ಸ್ಕ್ರಿಪ್ಟ್‌ಗಳಿಗೆ ಮಿತಿಗಳೂ ಇವೆ, ಮುಚ್ಚಿಡುವುದು ಬೇಡ. ಜಿಡಿಬಿಯಲ್ಲಿ ಬ್ರೇಕ್‌ಪಾಯಿಂಟ್ ಕ್ಲಾಸ್‌ಗೆ ‘ಸ್ಟಾಪ್’ ಎಂಬ ಮೆಥಡ್ ಬರೆದು, ಅದು ಸುಳ್ಳು ಎಂದರೆ ಪ್ರೋಗ್ರಾಮ್ ಮುಂದುವರಿಯುವಂತೆ ಮಾಡಬಹುದು. ಆದರೆ ಪ್ರತಿ ಸಲವೂ ಪ್ರೋಗ್ರಾಮ್ ನಿಂತು, ಡೀಬಗ್ಗರ್ ಎಚ್ಚೆತ್ತು, ಪೈಥಾನ್ ಓಡಿ, ಮತ್ತೆ ಹೊರಡಬೇಕು. ಸೆಕೆಂಡಿಗೆ ಲಕ್ಷ ಸಲ ಓಡುವ ಲೂಪ್‌ನಲ್ಲಿ ಇದನ್ನಿಟ್ಟರೆ ಪ್ರೋಗ್ರಾಮ್ ತೆವಳುತ್ತದೆ, ಸಮಯಕ್ಕೆ ಅಂಟಿಕೊಂಡ ಬಗ್‌ಗಳು ಮಾಯವಾಗುತ್ತವೆ. ಆ ಮೆಥಡ್ ಒಳಗಿನಿಂದ ಸ್ಟೆಪ್ ಮಾಡುವುದಾಗಲಿ ಪ್ರೋಗ್ರಾಮನ್ನು ಮುಂದಕ್ಕೆ ಓಡಿಸುವುದಾಗಲಿ ಕೂಡದು. ಪೈಥಾನ್ ಥ್ರೆಡ್ ಹುಟ್ಟಿಸಿ ಅದರಿಂದ ಜಿಡಿಬಿಯ ಫಂಕ್ಷನ್‌ಗಳನ್ನು ನೇರವಾಗಿ ಕರೆಯುವುದೂ ಸಲ್ಲದು, ಜಿಡಿಬಿ ಅದಕ್ಕೆ ತಯಾರಾಗಿಲ್ಲ.

ಭದ್ರತೆಯ ಮಾತು ಇನ್ನೂ ಗಂಭೀರ. ಡೀಬಗ್ಗರ್‌ನಲ್ಲಿ ಓಡುವ ಪೈಥಾನ್ ಫೈಲ್ ನಿಮ್ಮ ಹೆಸರಿನಲ್ಲಿ ಏನನ್ನಾದರೂ ಮಾಡಬಲ್ಲದು: ಫೈಲ್ ಅಳಿಸಬಹುದು, ಪಾಸ್‌ವರ್ಡ್ ಕಳಿಸಬಹುದು. ಈಗಿರುವ ಡೈರೆಕ್ಟರಿಯಲ್ಲಿನ ಆರಂಭಿಕ ಫೈಲನ್ನು ಜಿಡಿಬಿ ಕಣ್ಣುಮುಚ್ಚಿ ಓಡಿಸುತ್ತಿದ್ದುದು 2005ರಲ್ಲಿ ಅಧಿಕೃತವಾಗಿ ಭದ್ರತಾ ದೋಷವೆಂದು ದಾಖಲಾಯಿತು. ಈಗ ‘ಆಟೋಲೋಡ್ ಸೇಫ್-ಪಾತ್’ ಎಂಬ ಬೇಲಿ ಇದೆ, ಆ ಪಟ್ಟಿಯ ಹೊರಗಿನ ಸ್ಕ್ರಿಪ್ಟ್‌ಗಳನ್ನು ಜಿಡಿಬಿ ತಾನಾಗಿ ಲೋಡ್ ಮಾಡದೆ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯ ಕಿರಿಕಿರಿ ತಾಳಲಾರದೆ ರೂಟ್ ಡೈರೆಕ್ಟರಿಯನ್ನೇ ಸೇಫ್ ಎಂದು ಘೋಷಿಸಿಕೊಳ್ಳುವವರು ನಿಮ್ಮಲ್ಲೂ ಇದ್ದಾರೆ. ದಯವಿಟ್ಟು ಆ ಸಾಲನ್ನು ಇಂದೇ ತೆಗೆದು, ನಿಮ್ಮ ಪ್ರಾಜೆಕ್ಟ್‌ನ ಡೈರೆಕ್ಟರಿಯನ್ನು ಮಾತ್ರ ಸೇರಿಸಿ. ಯಾರೋ ಕಳಿಸಿದ ಬೈನರಿ ಮತ್ತು ಕೋರ್ ಫೈಲ್ ತೆರೆಯುವಾಗ ಆಟೋಲೋಡ್ ಆಫ್ ಮಾಡಿಯೇ ತೆರೆಯಿರಿ.

ಇದೇ ಸ್ಕ್ರಿಪ್ಟ್ ಗುಟ್ಟು ಕಾಯಲೂ ನೆರವಾಗುತ್ತದೆ. ಬೆಂಗಳೂರಿನಲ್ಲಿ ಕೂತು ಬೇರೆ ದೇಶದ ಬ್ಯಾಂಕಿನ ಅಥವಾ ಆಸ್ಪತ್ರೆಯ ಸರ್ವರ್‌ಗೆ ಸಪೋರ್ಟ್ ಕೊಡುವ ತಂಡಗಳಿಗೆ ಕೋರ್ ಫೈಲ್ ಎಂದರೆ ತಲೆನೋವು. ಗ್ರಾಹಕರ ಹೆಸರು, ಖಾತೆ ಸಂಖ್ಯೆ ಎಲ್ಲವೂ ಆ ಮೆಮೊರಿಯಲ್ಲೇ ಇರುತ್ತವೆ. ಕೋರ್ ತರಿಸುವ ಬದಲು ಸ್ಕ್ರಿಪ್ಟ್ ಕಳಿಸಬಹುದು. ಜಿಡಿಬಿಯನ್ನು ಬ್ಯಾಚ್ ಮೋಡ್‌ನಲ್ಲಿ ನಡೆಸಿದರೆ ಅದು ಸ್ಕ್ರಿಪ್ಟ್ ಓಡಿಸಿ ತಾನೇ ಮುಚ್ಚಿಕೊಳ್ಳುತ್ತದೆ. ಥ್ರೆಡ್‌ಗಳ ಸ್ಟ್ಯಾಕ್, ಲಾಕ್‌ಗಳ ಸ್ಥಿತಿ, ಕ್ಯೂಗಳ ಉದ್ದ ಇಷ್ಟೇ ಪಠ್ಯವಾಗಿ ಹೊರಬರುತ್ತದೆ. ಕಳಿಸುವ ಮುನ್ನ ಗ್ರಾಹಕರು ಅದನ್ನು ಕಣ್ಣಾರೆ ಓದಿ ನೋಡಬಹುದು.

ಶುರು ಮಾಡುವುದು ಹೇಗೆ? ಜಿಡಿಬಿಯ ಹಿಸ್ಟರಿ ಉಳಿಸುವ ಆಯ್ಕೆಯನ್ನು ಆನ್ ಮಾಡಿ. ಬಗ್ ಸಿಕ್ಕ ದಿನ ಆ ಹಿಸ್ಟರಿ ಫೈಲ್ ತೆರೆದು, ಮೂರಕ್ಕಿಂತ ಹೆಚ್ಚು ಸಲ ಬಂದಿರುವ ಕಮಾಂಡ್‌ಗಳನ್ನು ಹೆಕ್ಕಿ ಒಂದು ಫೈಲಿಗೆ ಹಾಕಿ. ಆರಂಭಕ್ಕೆ ಜಿಡಿಬಿಯ ಸ್ವಂತ ಭಾಷೆಯೇ ಸಾಕು, ಲಿಸ್ಟ್, ಡಿಕ್ಷನರಿ ಬೇಕೆನಿಸಿದಾಗ ಪೈಥಾನ್‌ಗೆ ಹೋಗಿ. ಪ್ರತಿ ಕಮಾಂಡ್‌ಗೂ ಒಂದು ಸಾಲಿನ ಹೆಲ್ಪ್ ಬರೆಯಿರಿ. ತಂಡದ ಲೀಡ್‌ಗಳಲ್ಲಿ ಒಂದು ವಿನಂತಿ: ಸ್ಟ್ರಕ್ಟ್ ಬದಲಿಸುವ ಪ್ಯಾಚ್ ರಿವ್ಯೂಗೆ ಬಂದಾಗ ಡೀಬಗ್ಗರ್ ಸ್ಕ್ರಿಪ್ಟ್ ಬದಲಾಗಿದೆಯೇ ಎಂದೂ ಕೇಳಿ. ರಾತ್ರಿಯ ಬಿಲ್ಡ್‌ನಲ್ಲಿ ಬೇಕೆಂದೇ ಕ್ರ್ಯಾಶ್ ಆಗುವ ಪುಟ್ಟ ಪ್ರೋಗ್ರಾಮ್ ಒಂದನ್ನಿಟ್ಟು, ಅದರ ಮೇಲೆ ಸ್ಕ್ರಿಪ್ಟ್‌ಗಳನ್ನು ಓಡಿಸಿ ನೋಡಿ.

ನಿಮ್ಮಲ್ಲಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ಹೇಳುವವರೂ ಇದ್ದೀರಿ. ಲ್ಯಾಬ್‌ನಲ್ಲಿ ಬಗ್ ಎಲ್ಲಿದೆ ಎಂದು ಕೇಳಿದರೆ ಒಬ್ಬರ ಉತ್ತರ ಕ್ಷಣದಲ್ಲಿ ಎಲ್ಲರ ಉತ್ತರವಾಗಿ ಬಿಡುತ್ತದೆ. ಅದರ ಬದಲು ಡೀಬಗ್ ಮಾಹಿತಿಯೊಂದಿಗೆ ಕಂಪೈಲ್ ಮಾಡಿದ ಬೈನರಿ, ಒಂದು ಕೋರ್ ಫೈಲ್ ಕೊಟ್ಟು, ಕೆಟ್ಟ ನೋಡನ್ನು ಹುಡುಕುವ ಸ್ಕ್ರಿಪ್ಟ್ ಬರೆದು ಕೊಡಿ ಎನ್ನಿ. ಅದೇ ಬೈನರಿಯ ಇನ್ನೊಂದು ಕೋರ್ ಫೈಲ್, ಬೇರೆ ಜಾಗದಲ್ಲಿ ಕೆಟ್ಟದ್ದು, ನಿಮ್ಮ ಬಳಿಯೇ ಇರಲಿ. ಬ್ಯಾಚ್ ಮೋಡ್‌ನಲ್ಲಿ ಇಡೀ ತರಗತಿಯ ಸ್ಕ್ರಿಪ್ಟ್‌ಗಳನ್ನು ಅದರ ಮೇಲೆ ಓಡಿಸಿದರೆ ಮೌಲ್ಯಮಾಪನ ಮುಗಿಯಿತು. ಮೊದಲ ಕೋರ್‌ನ ವಿಳಾಸವನ್ನೇ ಪ್ರಿಂಟ್ ಮಾಡಿ ಅಂಕ ಗಿಟ್ಟಿಸಲು ನೋಡಿದವರು ಎರಡನೆಯದರಲ್ಲಿ ತಾವಾಗಿಯೇ ಸಿಕ್ಕಿಬೀಳುತ್ತಾರೆ.

ಇತಿ,
ನಿಮ್ಮ ವೃತ್ತಿಬಾಂಧವ